ಅರ್ಧ ಎತ್ತಿದ ಶಟರ್

ಜೂನ್ ೮

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಮೊದಲ ಸಾಲು ಬರೆಯುವುದು ಅಪ್ಪ ಕಲಿಸಿದ ಅಭ್ಯಾಸ. ಈ ಸಲ ಅದನ್ನು ಬರೆಯುವ ಮೊದಲು ಪೆನ್ನು ಹಿಡಿದು ಸುಮ್ಮನೆ ಕುಳಿತುಬಿಟ್ಟೆ. ಕ್ಷೇಮ ಎಂದು ಬರೆದ ಕೂಡಲೇ ಅದಕ್ಕೆ ದೃಷ್ಟಿ ತಾಗಿದರೆ ಎಂಬ ಹೆದರಿಕೆ. ಕೊನೆಗೆ ಬರೆದೇಬಿಟ್ಟಿದ್ದೇನೆ. ಇವತ್ತಿನ ಮಟ್ಟಿಗೆ ಅದು ನಿಜ.

ಉತ್ತರ ತಡವಾಯಿತು, ಬೈಯಬೇಡ. ಎಷ್ಟೋ ದಿನ ಅಂಚೆಯವನೇ ಬರಲಿಲ್ಲ. ಬರಲು ಶುರು ಮಾಡಿದ ಮೇಲೆ ಅವನು ಮುಟ್ಟಿದ್ದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ನಿನ್ನ ಪತ್ರವನ್ನು ಇಕ್ಕಳದಲ್ಲಿ ಎತ್ತಿ, ಬಾಲ್ಕನಿಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಬಿಸಿಲಿಗೆ ಒಣಗಿಸಿ ಆಮೇಲೆ ಓದಿದೆ. ನಮ್ಮ ಮನೆಯವರು ಅದನ್ನು ನೋಡಿ, "ಅಕ್ಕನ ಪತ್ರ ಒಣಗಿತಾ, ಇಲ್ಲ ಇನ್ನೊಂದು ಬಿಸಿಲು ಬೇಕಾ?" ಎಂದು ಕೇಳಿದರು. ಫೋನು ಮಾಡಬಹುದಿತ್ತು, ನಿಜ. ಆದರೆ ನಿನ್ನ ಕಿವಿಗೆ ಫೋನು ಒಗ್ಗುವುದಿಲ್ಲ. ನೀನು "ಏನಂದೆ? ಏನಂದೆ?" ಎಂದು ಕೂಗುವಷ್ಟರಲ್ಲಿ ನಮ್ಮ ಮನೆಯ ಸುದ್ದಿ ನಿಮ್ಮ ಬೀದಿಗೆಲ್ಲ ಹಂಚಿಹೋಗಿರುತ್ತದೆ.

ಇಲ್ಲಿ ನಮ್ಮನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದಾರೆ. ಮೊದಲು ಬೇಕರಿಗೆ ಅಪ್ಪಣೆಯಾಯಿತು, ಆಮೇಲೆ ಪಾತ್ರೆ ಅಂಗಡಿಗೆ, ಆಮೇಲೆ ಚಪ್ಪಲಿ ಹೊಲಿಯುವವನಿಗೆ. ಪಾರ್ಕಿನ ಬೆಂಚಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಬೆಳಿಗ್ಗೆ ಒಬ್ಬ ಬಂದು ಬಿಚ್ಚಿದ, ಸಂಜೆ ಇನ್ನೊಬ್ಬ ಬಂದು ಮತ್ತೆ ಸುತ್ತಿದ. ಬಸ್ಸು ಓಡುತ್ತಿದೆ, ಆದರೆ ಒಂದು ಸೀಟು ಬಿಟ್ಟು ಒಂದಕ್ಕೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದಿದ್ದಾರೆ. ಮೊನ್ನೆಯವರೆಗೆ "ಹೊರಗೆ ಬರಬೇಡಿ" ಎಂದು ಕೂಗುತ್ತಿದ್ದ ಜೀಪಿನ ಮೈಕು ಈಗ ಅದೇ ಗಂಟಲಿನಲ್ಲಿ "ಎಚ್ಚರಿಕೆಯಿಂದ ವ್ಯಾಪಾರ ನಡೆಸಿ" ಎನ್ನುತ್ತದೆ.

ಎಲ್ಲ ಮುಚ್ಚಿದ್ದಾಗ ನನಗೆ ಇಷ್ಟು ಹೆದರಿಕೆ ಇರಲಿಲ್ಲ ಅಕ್ಕ. ಚಿಲಕ ಹಾಕಿದರೆ ಮುಗಿಯಿತು, ರೋಗ ಅದರ ಪಾಡಿಗೆ ಹೊರಗೆ, ನಾವು ನಮ್ಮ ಪಾಡಿಗೆ ಒಳಗೆ. ಈಗ ಯಾರ ಕೈ ಯಾವ ಕಂಬಿಯನ್ನು ಹಿಡಿದಿತ್ತು, ಯಾರು ಮೆಟ್ಟಿಲ ಮೇಲೆ ಸೀನಿ ಹೋದರು, ಒಂದೂ ಗೊತ್ತಾಗುವುದಿಲ್ಲ. ಚಿಕ್ಕಂದಿನಲ್ಲಿ ನೀನು ನನ್ನನ್ನು ಪುಕ್ಕಲಿ ಅನ್ನುತ್ತಿದ್ದೆಯಲ್ಲ, ಆ ಹೆಸರನ್ನು ಈಗ ಪೂರ್ತಿ ಉಳಿಸಿಕೊಂಡಿದ್ದೇನೆ. ಬಾಗಿಲಿನ ಹಿಡಿಕೆಯನ್ನು ತಿಕ್ಕಿ ತಿಕ್ಕಿ ಅದರ ಬಣ್ಣ ಹೋಗಿದೆ.

ನನ್ನ ಹೆದರಿಕೆಯೆಲ್ಲ ನಮ್ಮ ಮನೆಯವರ ಬಗ್ಗೆಯೇ. ಇವರ ಉಬ್ಬಸ ನಿನಗೆ ಗೊತ್ತು. ಮದುವೆಯ ಮಾತುಕತೆಯಲ್ಲೇ "ಹುಡುಗ ಒಳ್ಳೆಯವನೇ ಕಣೇ, ಆದರೆ ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ ಹೊಡೀತಾನೆ" ಎಂದವಳು ನೀನು. ಆ ಎದೆ ಇಟ್ಟುಕೊಂಡು, ಅದೂ ಎಂಥ ಕೆಲಸ. ಹೊಲಿಯುವವನು ದೂರ ಕುಳಿತು ಹೊಲಿಯಬಹುದು. ಕ್ಷೌರ ಮಾಡುವವನು ದೂರ ನಿಂತು ಮಾಡಲಾಗುತ್ತದೆಯೇ? ಬಂದವರ ಉಸಿರು ಇವರ ಮುಖಕ್ಕೆ, ಇವರ ಉಸಿರು ಅವರ ಮುಖಕ್ಕೆ.

ಅಂಗಡಿ ಮುಚ್ಚಿದ್ದಷ್ಟು ದಿನ ಇವರು ಕಿಟಕಿಯಲ್ಲಿ ನಿಂತು ಬೀದಿಯ ತಲೆಗಳನ್ನು ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಬ್ರೆಡ್ಡಿಗೆ ನಿಂತವರೆಲ್ಲ ಮನೆಯಲ್ಲೇ ಕೂದಲು ಕತ್ತರಿಸಿಕೊಂಡವರು. "ನೋಡಿಲ್ಲಿ, ಪಾತ್ರೆ ಅಂಗಡಿಯವನಿಗೆ ಅವನ ಅಂಗಡಿ ಬಟ್ಟಲನ್ನೇ ಕವುಚಿ ಕತ್ತರಿಸಿದಾರೆ" ಎಂದು ನಗುತ್ತಿದ್ದರು. ನೀನು ಭಾವನ ಕೂದಲು ಕತ್ತರಿಸಿದ್ದನ್ನು ಓದಿ, "ಭಾವ ಟೋಪಿ ಹಾಕ್ಕೊಳ್ಳೋ ಅಭ್ಯಾಸ ಇಟ್ಕೊಂಡಿದ್ದು ಒಳ್ಳೇದಾಯ್ತು" ಎಂದರು. ಹೀಗೆ ನಗಿಸುತ್ತಿದ್ದ ಮನುಷ್ಯ ಅಪ್ಪಣೆ ಸಿಕ್ಕ ದಿನ ಕತ್ತಿಗಳನ್ನೆಲ್ಲ ಕುದಿಸಲು ಇಟ್ಟುಕೊಂಡು ಕೂತರು. ನಾನು ಇನ್ನೊಂದು ತಿಂಗಳು ತಡೆಯಿರಿ ಎಂದೆ. "ಕೈ ಜೋಮು ಹಿಡಿದ ಹಾಗಾಗಿದೆ ಕಣೇ" ಎಂದಷ್ಟೇ ಹೇಳಿದರು. ಅವರು ಗಟ್ಟಿಯಾಗಿ ಮಾತಾಡಿದ್ದರೆ ಜಗಳವಾಡಬಹುದಿತ್ತು.

ನಾನೂ ಒಮ್ಮೆ ಹೊರಗೆ ಹೋಗಿಬಂದೆ. ಹೊರಗೆ ಅಂದರೆ ಒಂದು ಮಹಡಿ ಮೇಲಕ್ಕೆ, ಟೈಲರಮ್ಮನ ಮನೆಗೆ. ಬೀದಿಗೆಲ್ಲ ಮಾಸ್ಕು ಹೊಲಿದುಕೊಟ್ಟವಳು ಅವಳೇ. ಬೇಕರಿ ತೆರೆದ ದಿನ ಕೇಕಿನ ತುಂಡು ತರಿಸಿದ್ದಳಂತೆ, "ಬಾ, ಒಂದು ಲೋಟ ಚಹಾ ಕುಡಿದು ಹೋಗು, ಗೋಡೆ ಜೊತೆ ಮಾತಾಡಿ ಸಾಕಾಗಿದೆ" ಎಂದು ಮೆಟ್ಟಿಲಿನಿಂದ ಕೂಗಿದಳು. ನನಗೂ ಸಾಕಾಗಿತ್ತು. ಚಿಂದಿಬಟ್ಟೆಯ ರಾಶಿಯ ನಡುವೆ ಕುಳಿತು, ಮಾಸ್ಕು ತೆಗೆದಿಟ್ಟು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಡುನಡುವೆ ಅವಳು ಸೀನುತ್ತಿದ್ದಳು, ನೂಲಿನ ಧೂಳು ಪಾಪ, ದಿನವಿಡೀ ಅದರಲ್ಲೇ ಇರುತ್ತಾಳೆ. ಇನ್ನೊಬ್ಬ ಹೆಂಗಸಿನ ಮುಖವನ್ನು ಪೂರ್ತಿಯಾಗಿ ನೋಡಿ ಎಷ್ಟು ಕಾಲವಾಗಿತ್ತು ಎಂದು ಆಗ ಅನ್ನಿಸಿತು.

ಮೊನ್ನೆ ಇವರು ಅಂಗಡಿ ತೆರೆದರು. ನಾನು ಎರಡನೆಯ ಮಹಡಿಯ ಕಿಟಕಿಯಲ್ಲಿ, ಇವರು ಎದುರು ಸಾಲಿನ ನೆಲಮಹಡಿಯಲ್ಲಿ. ಶಟರನ್ನು ಅರ್ಧಕ್ಕೆ ಎತ್ತಿ ನನ್ನ ಕಡೆ ನೋಡಿ ಕೈ ಬೀಸಿ, ಆಮೇಲೆ ಪೂರ್ತಿ ಎತ್ತಿದರು. ದಿನವಿಡೀ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಪ್ರತಿ ಗಿರಾಕಿ ಒಳಗೆ ಹೋದಾಗಲೂ ಇವನು ಕೆಮ್ಮುತ್ತಾನೋ ಎಂದು ಉಸಿರು ಹಿಡಿದು ನೋಡಿದೆ. ಸಂಜೆ ಮನೆಗೆ ಬಂದಾಗ ತೋಳಿನ ಮೇಲೆ ಪೌಡರು ಬೆಳ್ಳಗೆ ಕುಳಿತಿತ್ತು, ಬಾಗಿಲಲ್ಲೇ ನಿಲ್ಲಿಸಿ ಕೊಡವಿದೆ. ಆದರೆ ಒಂದು ಬೇಜಾರಾಯಿತು ಅಕ್ಕ. ಇವರ ಜೊತೆ ದಿನಾ ಮನೆಗೆ ಒಂದು ವಾಸನೆ ಬರುತ್ತಿತ್ತಲ್ಲ, ಸೋಪು, ಪೌಡರು, ಲೋಷನ್ನು ಎಲ್ಲ ಸೇರಿದ್ದು, ನೀನು ಬಂದಾಗ "ಗಂಡ ಬಂದ ಅಂತ ನಿನಗೆ ಬೆಲ್ಲೇ ಬೇಡ" ಎನ್ನುತ್ತಿದ್ದೆ. ಆ ವಾಸನೆ ಇರಲಿಲ್ಲ. ಹೊಸ ನಿಯಮದ ಪ್ರಕಾರ ಅಂಗಡಿಯಲ್ಲೇ ಕೈಮೈ ತೊಳೆದು ಬಂದಿರಬೇಕೆಂದುಕೊಂಡು ಸುಮ್ಮನಾದೆ. ಇಷ್ಟು ದಿನ ಅದಕ್ಕಾಗಿ ಕಾದಿದ್ದೆನೆಂದು ಅದು ಬಾರದೆ ಹೋದಾಗಲೇ ತಿಳಿದದ್ದು.

ಭಾವನಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ಬೇಗ ಬರೆ.

ನಿನ್ನ ಪುಕ್ಕಲಿ ತಂಗಿ

ತಾ.ಕ.: ಲಕೋಟೆಗೆ ನಾಲಿಗೆ ತಾಗಿಸಿಲ್ಲ, ನೀರಲ್ಲಿ ಒದ್ದೆ ಮಾಡಿ ಅಂಟಿಸಿದ್ದೇನೆ. ಒಣಗಿಸದೆಯೇ ಓದಬಹುದು.


ಜೂನ್ ೧೭

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ನಾಲ್ಕೈದು ದಿನವಾಯಿತು. ಕೂಡಲೇ ಬರೆಯಲಿಲ್ಲವೆಂದು ಕೋಪಿಸಿಕೊಳ್ಳಬೇಡ, ಬರೆಯಲು ಕೈ ಏಳಲಿಲ್ಲ. ಕ್ಷೇಮದ ಸಾಲನ್ನು ಈ ಸಲ ಬಿಟ್ಟಿದ್ದೇನೆ, ನೋಡಿದೆಯಲ್ಲ. ಹೆದರಬೇಡ, ಇವರಿಗೆ ಇನ್ನೂ ಏನೂ ಆಗಿಲ್ಲ.

ನಮ್ಮ ಬೀದಿಯ ಕ್ಯಾಪ್ಟನ್ ನಿನಗೆ ನೆನಪಿರಬಹುದು. ಹಿಂದೆ ನದಿಯ ಫೆರಿ ನಡೆಸುತ್ತಿದ್ದವರು. ನಡೆಸಿದ್ದು ಈ ದಡದಿಂದ ಆ ದಡಕ್ಕೆ ಮಾತ್ರ, ಆದರೆ ಹೆಸರು ಕ್ಯಾಪ್ಟನ್ನೇ. ನೀನು ಬಂದಿದ್ದಾಗ ಇವರ ಅಂಗಡಿಯ ಮೊದಲ ಕುರ್ಚಿಯಲ್ಲಿ ಕುಳಿತು ಕನ್ನಡಿಯಲ್ಲೇ ನಿನಗೆ ಸಲಾಮು ಹೊಡೆದಿದ್ದರು. ದಿನ ಬಿಟ್ಟು ದಿನ ಬಂದು ಗಡ್ಡ ಬೋಳಿಸಿಕೊಳ್ಳಲೇಬೇಕು, ಒಂದು ಮುಳ್ಳು ಉಳಿದರೂ ಒಪ್ಪದ ಮನುಷ್ಯ. ಎಲ್ಲ ಮುಚ್ಚಿದ ಮೇಲೆ ಅವರು ಹಾಸಿಗೆ ಹಿಡಿದರು. ರೋಗವೇನಿಲ್ಲ, ಕಾಲಿನ ಶಕ್ತಿ ಹೋಯಿತು, ಬುದ್ಧಿಯೂ ಆಗಾಗ ಮಂಕಾಗುತ್ತಿತ್ತು. ಮಗಳು ಶಾಲೆಯ ಟೀಚರು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾಳೆ. ಅಪ್ಪನಿಗಾಗಿ ಆ ಹುಡುಗಿ ಯಾರನ್ನೂ ಹೊಸಿಲು ದಾಟಲು ಬಿಟ್ಟವಳಲ್ಲ. ಔಷಧಿಯವನೂ ಹೊರಗಿನ ಕೊಕ್ಕೆಗೆ ಚೀಲ ಸಿಕ್ಕಿಸಿ ಹೋಗಬೇಕು.

ಅಂಗಡಿ ತೆರೆದ ಮೇಲೆ ಆ ಮಗಳು ಬಂದು ಇವರನ್ನು ಕೇಳಿದಳಂತೆ. "ಅಣ್ಣ, ಅಪ್ಪ ಕನ್ನಡಿ ನೋಡೋದೇ ಬಿಟ್ಟಿದಾರೆ. ಈ ಗಡ್ಡದವನು ಯಾರು, ಮನೆಯಿಂದ ಆಚೆ ಕಳಿಸು ಅಂತಾರೆ. ಒಂದು ಸಲ ಬಂದು ಬೋಳಿಸಿಕೊಡ್ತೀರಾ?" ಹಾಸಿಗೆ ಹಿಡಿದವರ ಮನೆಗೆ ಹೋಗಿ ಕ್ಷೌರ ಮಾಡಿಬರುವುದು ಇವರು ಮೊದಲಿನಿಂದ ನಡೆಸಿಕೊಂಡು ಬಂದ ಪದ್ಧತಿ, ಅದಕ್ಕೆ ಒಂದು ಕಾಸೂ ಮುಟ್ಟುವುದಿಲ್ಲ. ಮರುದಿನವೇ ಹೋಗಿದ್ದಾರೆ. ನನಗೆ ಹೇಳಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲವೆಂದು ಅವರಿಗೆ ಗೊತ್ತು.

ನನಗೆ ತಿಳಿದದ್ದು ಭಾನುವಾರ, ಕ್ಯಾಪ್ಟನ್ನರನ್ನು ಆಂಬ್ಯುಲೆನ್ಸಿನಲ್ಲಿ ಒಯ್ದಾಗ. ಇಡೀ ಬೀದಿ ಕಿಟಕಿಗಳಲ್ಲಿತ್ತು. ಮೈತುಂಬ ಬಿಳಿ ಹೊದ್ದ ಇಬ್ಬರು ಸ್ಟ್ರೆಚರ್ ಇಳಿಸುತ್ತಿದ್ದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮುದುಕರ ಗಲ್ಲ. ನುಣ್ಣಗಿತ್ತು. ಇಷ್ಟು ಚೊಕ್ಕ ಕೆಲಸ ಈ ಬೀದಿಯಲ್ಲಿ ಯಾರದೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ತಿರುಗಿ ನೋಡಿದರೆ ಇವರು ನನ್ನ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು.

"ಹತ್ತಿರ ಹೋಗಿದ್ರಾ?" ಎಂದೆ.

"ಹತ್ತಿರ ಹೋಗದೆ ಗಡ್ಡ ಹೇಗೆ ಬೋಳಿಸೋದು?"

"ಮಾಸ್ಕು ಹಾಕಿದ್ರಿ ತಾನೆ?"

ಎರಡು ಸಲ ಕೇಳಿದ ಮೇಲೆ ಹೇಳಿದರು. "ಒಳಗೆ ಹೋದ್ರೆ ಅವರಿಗೆ ನನ್ನ ಗುರುತೇ ಸಿಗಲಿಲ್ಲ ಕಣೇ. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕು, ಕೈಯಲ್ಲಿ ಕತ್ತಿ. ಯಾರಯ್ಯ ನೀನು, ಯಾಕೆ ಬಂದೆ ಅಂತ ದಿಂಬು ಅಡ್ಡ ಹಿಡ್ಕೊಂಡು ಗೋಡೆಗೆ ಒತ್ತಿಕೊಂಡ್ರು. ಮೈಯೆಲ್ಲ ನಡುಗ್ತಿತ್ತು. ನಡುಗೋ ಕತ್ತಿನ ಮೇಲೆ ಕತ್ತಿ ಇಡೋಕಾಗುತ್ತಾ? ಮುಖ ತೋರಿಸಿದೆ. ಓ, ನೀನಾ ಅಂದ್ರು. ಗಲ್ಲ ಎತ್ತಿ ಕೊಟ್ರು. ಆಮೇಲೆ ಮತ್ತೆ ಮುಚ್ಕೊಂಡ್ರೆ ಮತ್ತೆ ಹೆದರ್ತಾರೆ ಅಂತ ಹಾಗೇ ಮುಗಿಸಿದೆ."

ನಾನು ಹಿಡಿಕೆ ತಿಕ್ಕಿದ್ದೇನು, ತರಕಾರಿ ತೊಳೆದದ್ದೇನು, ಇವರು ಮುಖ ಬಿಚ್ಚಿಕೊಂಡು ಆ ಮುದುಕರ ಉಸಿರಿನೆದುರು ನಿಂತದ್ದೇನು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದೆ. ಆ ಮಾತನ್ನು ನಾನು ಇಷ್ಟು ವರ್ಷದಲ್ಲಿ ಅವರಿಗೆ ಅಂದಿರಲಿಲ್ಲ. ಅವರು ಒಂದು ಹೊದಿಕೆ, ಉಬ್ಬಸದ ಪಂಪು, ಎರಡು ಜೊತೆ ಬಟ್ಟೆ ತೆಗೆದುಕೊಂಡರು. "ನಿನಗೆ ತಾಗಬಾರದು. ಅಂಗಡಿಯಲ್ಲೇ ಇರ್ತೀನಿ" ಎಂದು ಮೆಟ್ಟಿಲಿಳಿದು ಹೋದರು.

ಅಂದಿನಿಂದ ಅಲ್ಲಿಯೇ ಇದ್ದಾರೆ. ಕುರ್ಚಿಯನ್ನು ಹಿಂದಕ್ಕೆ ಬಗ್ಗಿಸಿದರೆ ಮಲಗಬಹುದು, ಹಿಂದುಗಡೆ ನಲ್ಲಿಯೂ ಪಾಯಿಖಾನೆಯೂ ಇವೆ. ಬಾಗಿಲಿಗೆ "ಮುಚ್ಚಿದೆ" ಎಂದು ಬೋರ್ಡು ತೂಗುಹಾಕಿದ್ದಾರೆ. ನಾನು ಊಟದ ಡಬ್ಬಿಯನ್ನು ಅಂಗಡಿಯ ಮುಂದಿನ ಸ್ಟೂಲಿನ ಮೇಲಿಟ್ಟು ಚಪ್ಪಾಳೆ ತಟ್ಟಿ ಈಚೆ ಬರುತ್ತೇನೆ. ಆಗ ಶಟರು ಅರ್ಧ ಏಳುತ್ತದೆ, ಕೈ ಬರುತ್ತದೆ, ಡಬ್ಬಿ ಒಳಗೆ ಹೋಗುತ್ತದೆ. ಸಂಜೆ ಕನ್ನಡಿಯ ಮೇಲಿನ ಬಲ್ಬು ಹಾಕಿಕೊಂಡು, ಶಟರಿನ ಕೆಳಗೆ ಬಗ್ಗಿ ನನ್ನ ಕಿಟಕಿಯನ್ನು ನೋಡುತ್ತಾರೆ. ಜ್ವರ ಇಲ್ಲ ಎಂದು ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ನಾನೂ ಎತ್ತುತ್ತೇನೆ.

ಆ ಮನೆಯವರ ಮೇಲೆ ನನಗೆ ಬರುತ್ತಿರುವ ಸಿಟ್ಟನ್ನು ನಿನ್ನ ಹತ್ತಿರವಲ್ಲದೆ ಯಾರ ಹತ್ತಿರ ಹೇಳಲಿ? ಮೈ ಬೆಚ್ಚಗಿದ್ದರೆ, ಗಂಟಲು ಕೆರೆಯುತ್ತಿದ್ದರೆ ಹೇಳಬೇಕಿತ್ತು. ಹಣ್ಣಾದ ಮುದುಕರ ಗಡ್ಡಕ್ಕಾಗಿ ಉಬ್ಬಸದ ಮನುಷ್ಯನನ್ನು ಕರೆಸುವುದೇ? ಟೈಲರಮ್ಮ ಮೇಲಿನ ಬಾಲ್ಕನಿಯಿಂದ ಬಗ್ಗಿ, "ಸಮಾಧಾನ ಮಾಡ್ಕೋ, ಅವರಿಗೆ ಮಾತ್ರ ಹೇಗೆ ಗೊತ್ತಾಗ್ಬೇಕು" ಎಂದಳು. ನನ್ನ ಗಂಡ ಕುರ್ಚಿಯಲ್ಲಿ ಮಲಗಿರುವಾಗ ನನಗೆ ಸಮಾಧಾನ ಬೇಕಿಲ್ಲ.

ಕೆಮ್ಮಿದರೆ ಕೇಳಲೆಂದು ಕಿಟಕಿ ತೆರೆದೇ ಇಟ್ಟಿರುತ್ತೇನೆ. ಹಾವು ತುಳಿದವನಿಗೆ ಹಗ್ಗ ಕಂಡರೂ ಹೆದರಿಕೆ ಅನ್ನುತ್ತಾರಲ್ಲ, ಹಾಗೆ ಬೀದಿಯಲ್ಲಿ ಯಾರು ಗಂಟಲು ಸರಿಮಾಡಿಕೊಂಡರೂ ಎದ್ದು ಓಡಿಬರುತ್ತೇನೆ. ಬೇಕರಿಯವನು ಈಗ ಹಾಡುತ್ತ ಶಟರು ಎತ್ತುತ್ತಾನೆ, ಬಸ್ಸಿನಲ್ಲಿ ಕೆಂಪು ಗೀಟಿನ ಸೀಟಿನ ಮೇಲೂ ಜನ ಕೂರುತ್ತಿದ್ದಾರೆ. ಎಲ್ಲರಿಗೂ ಬಿಡುಗಡೆಯಾಗುತ್ತಿರುವಾಗ ನಾವಿಬ್ಬರು ಈಗ ಒಳಗೆ ಸೇರಿದ್ದೇವೆ.

ನಮಗಾಗಿ ಬೇಡಿಕೋ ಅಕ್ಕ. ನಿನ್ನ ಬೇಡಿಕೆ ಯಾವತ್ತೂ ನನ್ನದಕ್ಕಿಂತ ಬೇಗ ಮುಟ್ಟುತ್ತದೆ.

ನಿನ್ನ ತಂಗಿ


ಜೂನ್ ೨೭

ಪ್ರೀತಿಯ ಅಕ್ಕನಿಗೆ,

ಈ ಸಲ ತಡವಾಗಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಏಕೆಂದು ಓದಿದರೆ ತಿಳಿಯುತ್ತದೆ.

ನಿನಗೆ ಹಿಂದಿನ ಪತ್ರ ಕಳಿಸಿದ ಮರುದಿನವೇ ಇವರಿಗೆ ಕೆಮ್ಮು ಶುರುವಾಯಿತು. ಸಂಜೆ ಬಲ್ಬು ಹತ್ತಿತು, ಶಟರಿನ ಕೆಳಗೆ ಮುಖ ಕಂಡಿತು, ಹೆಬ್ಬೆರಳು ಮೇಲೇಳಲಿಲ್ಲ. ಕೈಯನ್ನು ಸುಮ್ಮನೆ ಆಚೀಚೆ ಅಲ್ಲಾಡಿಸಿದರು. ನಾನು ಚಪ್ಪಲಿಯನ್ನೂ ಹಾಕದೆ ಓಡಿದೆ. ಒಳಗಿನಿಂದ ಶಟರನ್ನು ಎಳೆದು ಮುಚ್ಚಿಬಿಟ್ಟರು. "ಬರಬೇಡ, ನಿನ್ನ ಕಾಲಿಗೆ ಬೀಳ್ತೀನಿ, ಹತ್ತಿರ ಬರಬೇಡ" ಎನ್ನುವುದು ತಗಡಿನ ಆಚೆಯಿಂದ ಕೇಳಿಸಿತು. ತಗಡಿಗೆ ಕಿವಿಯಿಟ್ಟು ನಿಂತೆ. ಎದೆಯ ಆ ಸಿಳ್ಳೆ ಚೆನ್ನಾಗಿ ಕೇಳುತ್ತಿತ್ತು.

ಆರೋಗ್ಯದವರು ಬಂದು ಮೂಗಿಗೆ ಕಡ್ಡಿ ಹಾಕಿ ಹೋದರು. ಇದೆ ಎಂದು ಬಂತು. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಉಸಿರಿನ ಲೆಕ್ಕ ಸದ್ಯಕ್ಕೆ ಪರವಾಗಿಲ್ಲ, ಒಬ್ಬರೇ ಇರುವ ಜಾಗ ಇದೆಯಲ್ಲ, ಅಲ್ಲೇ ಇರಲಿ ಎಂದರು. ಬೆರಳಿಗೆ ಹಾಕುವ ಒಂದು ಕ್ಲಿಪ್ಪು ಕೊಟ್ಟರು. ಅದರ ಅಂಕಿ ಇಳಿದರೆ ಕೂಡಲೇ ಫೋನು ಮಾಡಬೇಕು. ಆಮೇಲೆ ನಮ್ಮ ಗೇಟಿಗೆ ಬಂದು ನನ್ನನ್ನು ಕೆಳಗಿನಿಂದಲೇ ವಿಚಾರಿಸಿದರು.

"ಜ್ವರ ಇದೆಯಾ?"

"ಇಲ್ಲ."

"ಕೆಮ್ಮು?"

"ಇಲ್ಲ."

"ಅವರು ಮೊದಲೇ ಬೇರೆ ಹೋಗಿದ್ದು ಒಳ್ಳೇದಾಯ್ತು, ನೀವು ಬಚಾವಾದ್ರಿ" ಎಂದರು. ಕಡ್ಡಿಗಳು ಕಡಿಮೆ ಇವೆ, ಏನಾದರೂ ಕಾಣಿಸಿಕೊಂಡರೆ ತಿಳಿಸಿ ಎಂದು ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ನಾನು ಹೊಸಿಲು ದಾಟುವಂತಿಲ್ಲ. ಇವರಿಗೆ ಡಬ್ಬಿ ಕೊಡುವವರು ಯಾರು ಎಂದು ನನಗೆ ದಿಕ್ಕೇ ತೋಚಲಿಲ್ಲ. ಈ ಬೀದಿಯವರು ಈಗ ಅಂಗಡಿಯ ಮುಂದೆ ಬಂದರೆ ರಸ್ತೆ ದಾಟಿ ಆ ಪಕ್ಕಕ್ಕೆ ಹೋಗುತ್ತಾರೆ. ಬೇಕರಿಯವನು ಹಾಡುವುದನ್ನು ನಿಲ್ಲಿಸಿದ್ದಾನೆ.

ಅಷ್ಟರಲ್ಲಿ ಕ್ಯಾಪ್ಟನ್ ಹೋದರು. ಮಣ್ಣಿಗೆ ಹೋಗಲು ಯಾರನ್ನೂ ಬಿಡಲಿಲ್ಲ, ಮಗಳು ದೂರದಲ್ಲಿ ನಿಂತು ನೋಡಿ ಬಂದಳಂತೆ. ಅವಳಿಗೂ ಕಡ್ಡಿ ಹಾಕಿ ನೋಡಿದ್ದರು, ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದ ಮೇಲೆ ಅಪ್ಪನನ್ನು ಗಾಜಿನ ಆಚೆಯಿಂದಲೇ ನೋಡುವಂತೆ ಮಾಡಿದ್ದರು, ಮುಟ್ಟಿ ಕಳಿಸಿಕೊಡುವುದಕ್ಕೂ ಸಿಗಲಿಲ್ಲ.

ಮೂರನೆಯ ದಿನ ಸಂಜೆ ಆ ಹುಡುಗಿ ನನ್ನ ಕಿಟಕಿಯ ಕೆಳಗೆ ಬಂದು ನಿಂತಳು. ಕೈಯಲ್ಲಿ ಸೂಪಿನ ಡಬ್ಬಿ ಇತ್ತು.

"ಅತ್ತಿಗೆ, ನಮ್ಮಪ್ಪನಿಂದ ಅಣ್ಣನಿಗೆ ಬಂತು. ಕರೆಸಿದ್ದು ನಾನು. ಆವತ್ತು ಅಪ್ಪನಿಗೆ ಏನೂ ಇರಲಿಲ್ಲ, ನಿಮ್ಮಾಣೆ ಏನೂ ಇರಲಿಲ್ಲ. ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಔಷಧಿ ಚೀಲದಿಂದಲೋ, ನನ್ನ ಕೈಯಿಂದಲೋ. ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ. ಅಣ್ಣನಿಗೆ ದಿನಾ ಊಟ ನಾನು ತಂದಿಡ್ತೀನಿ. ಅಷ್ಟಾದ್ರೂ ಮಾಡೋಕೆ ಬಿಡಿ."

ನಾನು ಏನಂದೆ ಗೊತ್ತೇ? "ಹೋದವರು ಹೋದರು. ನಮ್ಮವರಿಗೇನಾದ್ರೂ ಆದ್ರೆ ನೀನು ತಂದುಕೊಡ್ತೀಯಾ?" ಎಂದೆ. ಅಪ್ಪನನ್ನು ಕಳೆದುಕೊಂಡು ವಾರವೂ ಆಗದ ಹೆಣ್ಣಿಗೆ ಹಾಗಂದೆ. ಅವಳು ಹೋಗುವ ಮೊದಲು ಇನ್ನೊಂದು ಮಾತು ಹೇಳಿದಳು. "ಒಯ್ಯುವಾಗ ಆಂಬ್ಯುಲೆನ್ಸಿನ ಕಿಟಕಿಯಲ್ಲಿ ತಮ್ಮ ಮುಖ ನೋಡ್ಕೊಂಡ್ರು. ನಾನೇ ಕಣೇ ಇವನು ಅಂತ ನಕ್ಕರು. ಅದು ಅಣ್ಣ ಕೊಟ್ಟಿದ್ದು." ಆಮೇಲೆ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಚಪ್ಪಾಳೆ ತಟ್ಟಿ ಹೋದಳು.

ಅಂದಿನಿಂದ ದಿನಾ ಬರುತ್ತಾಳೆ. ಇವರ ಬೆರಳಿನ ಅಂಕಿ ಒಂದು ಹೊತ್ತು ಏರುತ್ತದೆ, ಒಂದು ಹೊತ್ತು ಇಳಿಯುತ್ತದೆ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಮೇಲುಸಿರು. ನಿನ್ನೆ ಅಂಕಿ ಎಷ್ಟು ಎಂದು ಕೇಳಿದರೆ ಅದನ್ನು ಬಿಟ್ಟು, "ನೀನು ಚೆನ್ನಾಗಿದ್ದೀಯಲ್ಲ. ಸರಿಯಾದ ಹೊತ್ತಿಗೆ ಮನೆ ಬಿಟ್ಟೆ. ಈ ಜನ್ಮದಲ್ಲಿ ಅದೊಂದು ಬುದ್ಧಿವಂತ ಕೆಲಸ ಮಾಡಿದೀನಿ ನೋಡು" ಎಂದರು. ನಗಲು ಹೋಗಿ ಕೆಮ್ಮು ಬಂತು. ಮನೆಗೆ ಮಾರಿ ಎಂದದ್ದನ್ನು ಅವರು ಮರೆತಿಲ್ಲ ಎಂದು ನನಗೆ ಗೊತ್ತಾಯಿತು.

ಭಾವನಿಗೆ ನಮಸ್ಕಾರ. ಮೊಮ್ಮಕ್ಕಳನ್ನು ಜನರ ನಡುವೆ ಬಿಡಬೇಡ, ಅವರಿಗೆ ನನ್ನ ಆಶೀರ್ವಾದ, ನೂರು ವರ್ಷ ಬಾಳಬೇಕಾದವರು. ನೀನು ಇದ್ದಲ್ಲಿಂದಲೇ ಇವರ ಎದೆಯ ಮೇಲೆ ಕೈಯಿಟ್ಟಂತೆ ನೆನೆದು ಒಂದು ಸಲ ಹರಸು.

ನಿನ್ನ ತಂಗಿ

ತಾ.ಕ.: ಅಕ್ಕ, ಸಹಿ ಹಾಕಿ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ನಿನಗೂ ಸುಳ್ಳು ಹೇಳಿದಂತಾಗುತ್ತದೆ.

ಮೊನ್ನೆ ಮಧ್ಯಾಹ್ನ ಇವರ ನೆನಪು ತಡೆಯಲಾರದೆ ಕಪಾಟು ತೆರೆದೆ. ಅಂಗಡಿಗೆಂದು ತಂದ ಪೌಡರ್ ಡಬ್ಬಿಗಳನ್ನು ಅಲ್ಲಿ ಇಟ್ಟಿರುತ್ತೇವೆ. ಒಂದರ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಹಳೆಯದಿರಬೇಕೆಂದು ಹೊಸ ಡಬ್ಬಿ ಒಡೆದೆ. ಅದರಲ್ಲೂ ಇಲ್ಲ. ಲೋಷನ್ನನ್ನು ಅಂಗೈಗೆ ಸುರಿದು ನೋಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ, ಫಿನಾಯಿಲಿನ ಬಾಟಲಿಗೆ ಮೂಗು ತೂರಿಸಿದೆ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಈ ರೋಗ ಕೆಲವರಿಗೆ ಮೂಗನ್ನು ಮಾತ್ರ ಕಟ್ಟಿ ಹೋಗುತ್ತದೆಂದು ಜೀಪಿನ ಮೈಕಿನಲ್ಲಿ ಎಷ್ಟು ಸಲ ಕೇಳಿದ್ದೆ.

ಆಗ ನೆನಪಾಯಿತು. ಅಂಗಡಿ ತೆರೆದ ಮೊದಲ ದಿನ ಇವರು ವಾಸನೆಯಿಲ್ಲದೆ ಬಂದರೆಂದು ಬರೆದಿದ್ದೆನಲ್ಲ. ತೋಳಿನ ಪೌಡರನ್ನು ಕಣ್ಣಾರೆ ಕಂಡಿದ್ದೆ, ಕೈಯಾರೆ ಕೊಡವಿದ್ದೆ. ವಾಸನೆ ಅವರ ಮೈಮೇಲೆ ಇತ್ತು ಅಕ್ಕ. ನನ್ನ ಮೂಗು ಅಂದೇ ಹೋಗಿತ್ತು. ಅದು ಕ್ಯಾಪ್ಟನ್ನರ ಗಡ್ಡಕ್ಕಿಂತ ಮೊದಲು.

ಟೈಲರಮ್ಮನನ್ನು ಬಾಲ್ಕನಿಯಿಂದ ಕೂಗಿ ಕೇಳಿದೆ, ನಾವು ಚಹಾ ಕುಡಿದೆವಲ್ಲ, ಆಗ ನಿನಗೆ ಹುಷಾರಿತ್ತಾ ಎಂದು. "ಆಮೇಲೆ ಎರಡು ದಿನ ಮೈ ಬಿಸಿ ಇತ್ತು, ನೂಲಿನ ಧೂಳು ಅಂತ ಬಿಟ್ಟೆ. ಈಗ ಗುಂಡುಕಲ್ಲಿನ ಹಾಗಿದೀನಿ. ಯಾಕೆ?" ಎಂದಳು. ಸುಮ್ಮನೆ ಕೇಳಿದೆ ಎಂದೆ.

ಅವಳಿಂದ ನನಗೆ, ನನ್ನಿಂದ ಇವರಿಗೆ. ಇವರು ಮಾಸ್ಕು ಇಳಿಸಿ ಮುಖ ತೋರಿಸಿದಾಗ ಆ ಮುದುಕರ ಉಸಿರು ಇವರಿಗೆ ತಾಗಲಿಲ್ಲ, ಇವರದೇ ಅವರಿಗೆ ತಾಗಿತು. ಮನೆಗೆ ಮಾರಿ ಯಾರೆಂದು ಈಗ ಹೇಳು. ಹಿಡಿಕೆ ತಿಕ್ಕುತ್ತ, ನಿನ್ನ ಪತ್ರವನ್ನು ಇಕ್ಕಳದಲ್ಲಿ ಹಿಡಿಯುತ್ತ ಅದನ್ನು ಮನೆಯೊಳಗೆ ಸಾಕಿಕೊಂಡಿದ್ದವಳು ನಾನು. ಗೇಟಿನಲ್ಲಿ ನಿಂತು ಆರೋಗ್ಯದವರು ಜ್ವರ ಕೇಳಿದರು, ಕೆಮ್ಮು ಕೇಳಿದರು, ಮೂಗಿನ ಬಗ್ಗೆ ಕೇಳಲಿಲ್ಲ. ಕೇಳಿದ್ದರೂ ಆಗ ನನಗೆ ತಿಳಿದಿರಲಿಲ್ಲ.

ಹೇಳಿದರೆ, ನನ್ನನ್ನು ಉಳಿಸಿದೆನೆಂಬ ಒಂದೇ ನೆಮ್ಮದಿಯ ಮೇಲೆ ಉಸಿರಾಡುತ್ತಿರುವ ಇವರಿಗೆ, ಆ ಹಾಸಿಗೆಯ ಪಕ್ಕ ತಾನು ಏನು ಮಾಡಿಬಂದೆನೆಂದು ಗೊತ್ತಾಗುತ್ತದೆ. ಹೇಳದಿದ್ದರೆ, ಅಪ್ಪನನ್ನು ಕಳೆದುಕೊಂಡವಳು ನಮ್ಮ ಕ್ಷಮೆಗಾಗಿ ದಿನಾ ಸೂಪು ಹೊತ್ತು ತರುತ್ತಾಳೆ. ನಿನ್ನನ್ನು ಕೇಳಿ ಉತ್ತರ ಬರುವವರೆಗೆ ಕಾಯೋಣವೆಂದುಕೊಂಡಿದ್ದೆ. ಕಾಯಲು ಇವರ ಅಂಕಿ ಬಿಡುತ್ತದೋ ಇಲ್ಲವೋ ಎಂಬ ಹೆದರಿಕೆ ನನಗೆ. ಇವರು ಏನೂ ತಿಳಿಯದೆ ಹೋಗಿಬಿಟ್ಟರೆ ಒಳ್ಳೆಯದೆಂದು ಒಂದು ಗಳಿಗೆ ಅನ್ನಿಸಿತು, ಅದಕ್ಕೆ ಇನ್ನೂ ಹೆಚ್ಚು ಹೆದರಿದೆ.

ಈ ಪತ್ರವನ್ನು ನನ್ನ ಕೈಯಲ್ಲಿ ಹಿಡಿದು ಬರೆದಿದ್ದೇನೆ. ಓದಿದ ಮೇಲೆ ಕೈ ತೊಳೆದುಕೋ, ಮಕ್ಕಳನ್ನು ಮುಟ್ಟುವ ಮೊದಲು.

ಬೀದಿಯ ತುದಿಯಲ್ಲಿ ಆ ಹುಡುಗಿ ಡಬ್ಬಿ ಹಿಡಿದು ಬರುತ್ತಿರುವುದು ಕಾಣುತ್ತಿದೆ. ಎದುರಿಗೆ ಬಲ್ಬು ಹತ್ತಿತು. ಇವರು ಶಟರನ್ನು ಅರ್ಧ ಎತ್ತಿ ಸ್ಟೂಲನ್ನು ಹೊರಗೆ ತಳ್ಳಿದ್ದಾರೆ. ಇಲ್ಲಿಂದ ಗಟ್ಟಿಯಾಗಿ ಮಾತಾಡಿದರೆ ಇಬ್ಬರಿಗೂ ಕೇಳಿಸುತ್ತದೆ. ಪೆನ್ನು ಕೆಳಗಿಟ್ಟು ಏಳುತ್ತಿದ್ದೇನೆ ಅಕ್ಕ.